ಸತ್ತು ಬಂದವನ ಲೆಕ್ಕದ ಪುಸ್ತಕ

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗಳ ಒತ್ತಾಯಕ್ಕೆ ‘ರೀ: ಜೀರೋ’ ಎಂಬ ಜಪಾನಿ ಅನಿಮೆ (ಕಾರ್ಟೂನ್ ಸರಣಿ) ನೋಡಲು ಕೂತೆ. ಮೊದಲ ಹತ್ತು ಹನ್ನೆರಡು ಕಂತು ಇಷ್ಟವಾಯಿತು. 13ನೇ ಕಂತಿಗೆ ಸಾಕು ಸಾಕಾಯಿತು. ಬೇರೆ ಲೋಕಕ್ಕೆ ಹೋಗಿ ಬಿದ್ದ ನಾಯಕ ಸುಬಾರು ತುಂಬಿದ ಸಭೆಯಲ್ಲಿ ಮಾನ ಕಳೆದುಕೊಳ್ಳುತ್ತಾನೆ. ಆಮೇಲೆ ತಾನು ಪ್ರೀತಿಸುವ ಹುಡುಗಿಯ ಮೇಲೇ ಕೂಗಾಡುತ್ತಾನೆ. ಇಂಥವನನ್ನು ನಾಯಕ ಅಂತ ಯಾಕೆ ಒಪ್ಪಬೇಕು? ಅದೂ ಅಲ್ಲದೆ, ಸತ್ತರೂ ಎದ್ದು ಬರುವವನ ಕಥೆಯಲ್ಲಿ ಅಪಾಯ ಅಂತ ಏನಿರುತ್ತೆ? ಮಗಳು ‘18ನೇ ಕಂತಿನ ತನಕ ತಾಳ್ಕೋ ಅಮ್ಮಾ’ ಅನ್ನುತ್ತಾಳೆ. ತಾಳಬೇಕಾ? ಇಷ್ಟೊಂದು ರಕ್ತಪಾತ ಅವಳ ವಯಸ್ಸಿಗೆ ಸರಿಯಾ? (ಒಬ್ಬ ಓದುಗರು, ಮೈಸೂರು)

ಉತ್ತರ: ನಿಮ್ಮ ಮಗಳ ಮಾತು ಕೇಳಿ, ತಾಳಿಕೊಳ್ಳಿ. ಈ ಸರಣಿಯನ್ನು ಅರ್ಧಕ್ಕೆ ಬಿಟ್ಟವರಲ್ಲಿ ನನಗೆ ಗೊತ್ತಿರುವ ಹೆಚ್ಚಿನವರು ಬಿಟ್ಟಿದ್ದು ಇದೇ 13ನೇ ಕಂತಿನಲ್ಲಿ. ನಾನೂ ಬಿಟ್ಟಿದ್ದೆ. 2016ರಲ್ಲಿ ವಾರಕ್ಕೊಂದು ಕಂತು ಬರುತ್ತಿತ್ತು. ಆ ಜಗಳದ ದೃಶ್ಯ ಮುಗಿದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಸಿಟ್ಟಿಗಿಂತ ನಾಚಿಕೆ ಜಾಸ್ತಿ ಆಗಿತ್ತು. ಮದುವೆ ಮನೆಯಲ್ಲಿ ನಮ್ಮವರೇ ಒಬ್ಬರು ಎಲ್ಲರ ಎದುರು ಕಿರುಚಾಡಿದರೆ ಎಲ್ಲಿ ನೋಡುವುದು ಅಂತ ಗೊತ್ತಾಗುವುದಿಲ್ಲವಲ್ಲ, ಹಾಗೆ. ಎರಡು ತಿಂಗಳಾದ ಮೇಲೆ ಮತ್ತೆ ಕೂತೆ. ಆ ನಾಚಿಕೆ ನನ್ನಲ್ಲಿ ಹುಟ್ಟಲಿ ಅಂತಲೇ ಅವರು ಹನ್ನೆರಡು ಕಂತು ತಯಾರಿ ನಡೆಸಿದ್ದರು ಅನ್ನುವುದು ಆಗ ತಿಳಿಯಿತು.

ಒಂದು ಎಚ್ಚರಿಕೆ. ನಿಮ್ಮ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕಾದರೆ ಮೊದಲ ಸೀಸನ್‌ನ ಕಥೆಯನ್ನು ಸ್ವಲ್ಪ ಬಿಚ್ಚಲೇಬೇಕು. ಮುಂದಿನ ಸೀಸನ್‌ಗಳ ಗುಟ್ಟನ್ನು ಆದಷ್ಟು ಕಾಪಾಡುತ್ತೇನೆ.

ಎರಡನೇ ಪ್ರಶ್ನೆಯಿಂದ ಶುರು ಮಾಡೋಣ. ಸತ್ತರೂ ಎದ್ದು ಬರುವವನಿಗೆ ಅಪಾಯವೇನು? ಚಿಕ್ಕವರಿದ್ದಾಗ ಕೇಳಿದ ಬೇತಾಳನ ಕಥೆ ನೆನಪಿದೆಯಲ್ಲ. ವಿಕ್ರಮ ಹೆಣ ಹೊತ್ತು ನಡೆಯುತ್ತಾನೆ. ಬಾಯಿ ಬಿಟ್ಟರೆ ಬೇತಾಳ ಹಾರಿ ಹೋಗಿ ಮತ್ತೆ ಮರಕ್ಕೆ ಜೋತುಬೀಳುತ್ತದೆ. ರಾಜ ಮೊದಲಿನಿಂದ ನಡೆಯಬೇಕು. ಸುಬಾರುವಿನ ಕಥೆಯೂ ಸುಮಾರು ಹೀಗೇ, ಆದರೆ ಇವನ ಕಟ್ಟಳೆ ಇನ್ನೂ ಕ್ರೂರ. ಸತ್ತರೆ ಅವನು ಹಿಂದಿನ ಒಂದು ಗಳಿಗೆಗೆ ವಾಪಸ್ ಹೋಗುತ್ತಾನೆ. ಯಾವ ಗಳಿಗೆ ಅನ್ನುವುದು ಅವನ ಕೈಯಲ್ಲಿಲ್ಲ. ವಿಡಿಯೋ ಗೇಮ್‌ನಲ್ಲಾದರೆ ಬೇಕಾದ ಕಡೆ ಸೇವ್ ಮಾಡಿಕೊಳ್ಳಬಹುದು. ಇಲ್ಲಿ ಸೇವ್ ಆಗಿರುವ ಜಾಗ ಯಾವಾಗ ಮುಂದೆ ಸರಿಯುತ್ತದೋ ಅವನಿಗೂ ಗೊತ್ತಿಲ್ಲ. ಮತ್ತೆ ಸತ್ತಾಗಲೇ ಗೊತ್ತಾಗುವುದು. ಅಂದರೆ ಒಂದು ತಪ್ಪನ್ನು ಸರಿಪಡಿಸಲು ವಾಪಸ್ ಹೋಗೋಣ ಅಂದುಕೊಂಡರೆ, ಅಷ್ಟು ಹಿಂದಕ್ಕೆ ದಾರಿಯೇ ಇಲ್ಲದಿರಬಹುದು. ಎರಡನೇ ಸೀಸನ್ ಶುರುವಿನಲ್ಲೇ ಈ ಕಟ್ಟಳೆ ಎಷ್ಟು ಕಟುವಾಗಿ ಕಚ್ಚುತ್ತದೆ ಅನ್ನುವುದನ್ನು ನೀವೇ ನೋಡಿ.

ಇನ್ನೊಂದು, ಈ ವಿಷಯವನ್ನು ಅವನು ಯಾರಿಗೂ ಹೇಳುವಂತಿಲ್ಲ. ಹೇಳಲು ಬಾಯಿ ತೆರೆದರೆ ಕಾಲ ನಿಂತು, ಕಪ್ಪು ಕೈಗಳು ಬಂದು ಅವನ ಹೃದಯವನ್ನು ಹಿಂಡುತ್ತವೆ. ಜೊತೆಗೆ, ಸತ್ತು ಬಂದಷ್ಟೂ ಅವನ ಮೈಯಿಂದ, ಆ ಲೋಕದವರು ಹೆದರುವ ಮಾಟಗಾತಿಯ ವಾಸನೆ ಹೆಚ್ಚಾಗುತ್ತದೆ. ಅವನಿಗೆ ಅದು ತಿಳಿಯುವುದಿಲ್ಲ. ಆ ವಾಸನೆ ಗುರುತಿಸುವವರು ಇದ್ದಾರೆ, ಅದನ್ನು ದ್ವೇಷಿಸುವವರೂ ಇದ್ದಾರೆ.

ಪ್ರಾಣದ ಅಪಾಯ ಇಲ್ಲ ಅನ್ನಿ, ಒಪ್ಪೋಣ. ಆದರೆ ಅವನು ಪ್ರತಿ ಸಾರಿ ಕಳೆದುಕೊಳ್ಳುವುದು ಬೇರೆ ಏನೋ. ರೋಸ್ವಾಲ್ ಎಂಬ ಪ್ರಭುವಿನ ಬಂಗಲೆಯ ಭಾಗ ನೆನಪಿಸಿಕೊಳ್ಳಿ. ಅಲ್ಲಿ ಕೆಲಸಕ್ಕೆ ಸೇರಿ, ರಾಮ್ ಮತ್ತು ರೆಮ್ ಎಂಬ ಅವಳಿ ಹುಡುಗಿಯರ ಜೊತೆ ಪಾತ್ರೆ ತೊಳೆದು, ಬೈಸಿಕೊಂಡು, ಅಕ್ಷರ ಕಲಿತು, ನಿಧಾನಕ್ಕೆ ಅವರಲ್ಲೊಬ್ಬನಾಗುತ್ತಾನೆ. ಮರುದಿನ ತಾನು ಪ್ರೀತಿಸುವ ಎಮಿಲಿಯಾ ಜೊತೆ ಸುತ್ತಾಡಲು ಹೋಗುವುದು ಅಂತ ಮಾತಾಗಿರುತ್ತದೆ. ಖುಷಿಯಲ್ಲಿ ಮಲಗುತ್ತಾನೆ. ನಿದ್ದೆಯಲ್ಲೇ ಸಾಯುತ್ತಾನೆ. ಎದ್ದಾಗ ಅದೇ ಅವಳಿಗಳು ಮಂಚದ ಪಕ್ಕ ನಿಂತು ಅವನನ್ನು ‘ಅತಿಥಿಗಳೇ’ ಅಂತ ಕರೆಯುತ್ತಾರೆ. ಅಷ್ಟೇ. ಒಂದು ಹನಿ ರಕ್ತ ಇಲ್ಲ, ಕತ್ತಿ ಇಲ್ಲ. ನನ್ನ ಮಟ್ಟಿಗೆ ಮೊದಲ ಸೀಸನ್‌ನ ಅತಿ ಭಯಾನಕ ಕ್ಷಣ ಅದು. ಊರಿಗೆ ಹೋದಾಗ ಮರೆವಿನ ಕಾಯಿಲೆ ಬಂದ ಅಜ್ಜಿ ‘ನೀವು ಯಾರ ಪೈಕಿ?’ ಅಂತ ಕೇಳಿದ್ದನ್ನು ಅನುಭವಿಸಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಇಂಥ ಹುಡುಗ ಯಾಕೆ ನಾಯಕ?

ಇದಕ್ಕೆ ಈ ಬಗೆಯ ಕಥೆಗಳ ಹಿನ್ನೆಲೆ ಸ್ವಲ್ಪ ಬೇಕು. ಜಪಾನಿನಲ್ಲಿ ಇವಕ್ಕೆ ‘ಇಸೆಕಾಯ್’ ಅನ್ನುತ್ತಾರೆ, ಬೇರೆ ಲೋಕ ಅಂತ ಅರ್ಥ. ನಮ್ಮ ಲೋಕದ ಒಬ್ಬ ಇನ್ನೊಂದು ಲೋಕಕ್ಕೆ ಹೋಗಿ ಬೀಳುವ ಕಥೆ. ಬಗೆ ಹಳೆಯದೇ, 1983ರಲ್ಲೇ ಟೀವಿಯಲ್ಲಿ ಅಂಥ ಅನಿಮೆ ಬಂದಿತ್ತು. ಆದರೆ ಈಗಿನ ಪ್ರವಾಹ ಹುಟ್ಟಿದ್ದು ‘ಶೋಸೆತ್ಸುಕಾ ನಿ ನರೋ’ ಎಂಬ ಜಾಲತಾಣದಿಂದ. ‘ಕಾದಂಬರಿಕಾರರಾಗೋಣ’ ಅಂತ ಅದರ ಅರ್ಥ. 2004ರಲ್ಲಿ ಶುರುವಾದ ಅಲ್ಲಿ ಯಾರು ಬೇಕಾದರೂ ಕಥೆ ಬರೆದು ಹಾಕಬಹುದು, ಓದುವುದು ಉಚಿತ. ಅಲ್ಲಿ ಒಂದು ಅಚ್ಚು ತಯಾರಾಯಿತು. ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತ ಸೋತ ಹುಡುಗ, ಲಾರಿ ಡಿಕ್ಕಿ, ಸಾವು, ಒಬ್ಬ ದೇವತೆ, ಒಂದು ವರ, ಹೊಸ ಲೋಕದಲ್ಲಿ ಅವನಿಗೆ ಸಮ ಯಾರೂ ಇಲ್ಲ. ಡಿಕ್ಕಿ ಹೊಡೆಯುವ ಆ ಲಾರಿಗೆ ಅಭಿಮಾನಿಗಳು ‘ಟ್ರಕ್-ಕುನ್’ ಅಂತ ಮುದ್ದಿನ ಹೆಸರನ್ನೇ ಇಟ್ಟಿದ್ದಾರೆ.

ತಪ್ಪೆಯ್ ನಗತ್ಸುಕಿ ಅದೇ ತಾಣದಲ್ಲಿ 2012ರ ಏಪ್ರಿಲ್‌ನಲ್ಲಿ ‘ರೀ: ಜೀರೋ’ ಬರೆಯಲು ಶುರು ಮಾಡಿದರು. 2014ರಿಂದ ಪುಸ್ತಕಗಳಾಗಿ ಬಂತು. 2016ರ ಏಪ್ರಿಲ್‌ನಲ್ಲಿ ವೈಟ್ ಫಾಕ್ಸ್ ಸ್ಟುಡಿಯೋ ಅದನ್ನು 25 ಕಂತಿನ ಅನಿಮೆ ಮಾಡಿತು, ನಿರ್ದೇಶಕ ಮಸಹರು ವತನಬೆ. ಇಲ್ಲಿ ಲಾರಿ ಇಲ್ಲ. ಶಾಲೆಗೆ ಹೋಗುವುದನ್ನು ನಿಲ್ಲಿಸಿದ 17ರ ಹುಡುಗ ರಾತ್ರಿ ಅಂಗಡಿಗೆ ಹೋಗಿ ಹೊರಗೆ ಬರುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಲುಗುನಿಕಾ ಅನ್ನುವ ರಾಜ್ಯದ ಪೇಟೆ ಬೀದಿಯಲ್ಲಿ ನಿಂತಿರುತ್ತಾನೆ. ಮೈಮೇಲೆ ಟ್ರ್ಯಾಕ್‌ಸೂಟ್, ಕೈಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರಲ್ಲಿ ನೂಡಲ್ಸ್ ಮತ್ತು ಕುರುಕಲು ತಿಂಡಿ, ಜೇಬಿನಲ್ಲಿ ಮೊಬೈಲ್. ಕರೆದವರು ಯಾರು ಅಂತ ಹೇಳುವವರಿಲ್ಲ. ವರ ಕೊಡುವ ದೇವತೆಯೂ ಇಲ್ಲ.

ಅವನೇನು ಮಾಡುತ್ತಾನೆ? ಖುಷಿ ಪಡುತ್ತಾನೆ! ಇಂಥ ಕಥೆಗಳನ್ನು ಓದಿ ಓದಿ ಅವನಿಗೆ ಬಾಯಿಪಾಠ. ತಾನೇ ನಾಯಕ, ಬೆಳ್ಳಿ ಕೂದಲಿನ ಎಮಿಲಿಯಾ ತನಗಾಗಿಯೇ ಇರುವ ನಾಯಕಿ, ಇನ್ನೇನು ಕೈಯಿಂದ ಬೆಂಕಿ ಹಾರುತ್ತದೆ ಅಂದುಕೊಂಡಿರುತ್ತಾನೆ. ಆ ನಂಬಿಕೆಯಲ್ಲೇ ಗಲ್ಲಿಯ ಪುಂಡರ ಎದುರು ನಿಲ್ಲುತ್ತಾನೆ. ಒಂದು ಸಾರಿ ಅವರ ಚಾಕುವಿಗೇ ಸಾಯುತ್ತಾನೆ. ರಾಕ್ಷಸನ ಕೈಯಲ್ಲಲ್ಲ, ಬೀದಿ ಕಳ್ಳನ ಕೈಯಲ್ಲಿ. ಆದರೆ ಆ ನಂಬಿಕೆ ಮಾತ್ರ ಸಾಯುವುದಿಲ್ಲ, ನೋಡಿ. 12 ಕಂತಿನ ತನಕ ಅದು ಒಳಗೊಳಗೇ ಬೆಳೆಯುತ್ತಲೇ ಇರುತ್ತದೆ. ನಾವೂ ಅವನ ಜೊತೆ ಅದನ್ನೇ ನಂಬಿ ಕೂತಿರುತ್ತೇವೆ. ಎರಡು ಗಂಡಾಂತರ ದಾಟಿದ್ದಾನೆ, ಎಮಿಲಿಯಾಳನ್ನು ಉಳಿಸಿದ್ದಾನೆ, ರೆಮ್‌ಳನ್ನು ಉಳಿಸಿದ್ದಾನೆ, ಇನ್ನು ಸಭೆಯಲ್ಲಿ ಅವನಿಗೆ ಸನ್ಮಾನ ಆಗಬೇಕು ತಾನೇ?

ಹಾಗಾಗಿ 13ನೇ ಕಂತಿನ ಜಗಳವನ್ನು ಇನ್ನೊಂದು ಸಾರಿ ನೋಡಿ. ಈ ಸಲ ಎಮಿಲಿಯಾಳ ಕಡೆ ಕೂತು ನೋಡಿ.

ಅವಳಿಗೆ ಈ ಹುಡುಗ ಪರಿಚಯವಾಗಿ ಕೆಲವು ವಾರ ಆಗಿದೆ ಅಷ್ಟೇ. ಒಳ್ಳೆಯವನು, ಸಹಾಯ ಮಾಡಿದ್ದಾನೆ, ಗಾಯ ಮಾಡಿಕೊಂಡಿದ್ದಾನೆ. ‘ಅರಮನೆಗೆ ಬರಬೇಡ, ಛತ್ರದಲ್ಲೇ ಇರು, ಮಂತ್ರವಿದ್ಯೆ ಬಳಸಬೇಡ’ ಅಂತ ಮಾತು ತೆಗೆದುಕೊಂಡಿದ್ದಳು. ಅವನು ಬಂದ. ರಾಣಿಯ ಪಟ್ಟಕ್ಕೆ ಸ್ಪರ್ಧಿಸುತ್ತಿರುವ ಅವಳು ಮೊದಲೇ ಎಲ್ಲರ ತಿರಸ್ಕಾರದ ನಡುವೆ ನಿಂತಿದ್ದಾಳೆ. ಅಂಥ ಸಭೆಯಲ್ಲಿ ‘ನಾನೇ ಇವಳ ನೈಟ್ (ಕಾಯುವ ಯೋಧ)’ ಅಂತ ಘೋಷಿಸಿದ. ನಿಜವಾದ ನೈಟ್ ಜೂಲಿಯಸ್ ಜೊತೆ ಮರದ ಕತ್ತಿ ಹಿಡಿದು ಹೋಗಿ ಜಜ್ಜಿಸಿಕೊಂಡ. ಆ ಜಗಳದಲ್ಲಿ ಬೇಡ ಅಂದ ಮಂತ್ರವನ್ನೂ ಬಳಸಿದ. ಈಗ ಅವಳು ಕೇಳುವುದು ಒಂದೇ ಪ್ರಶ್ನೆ. ನನಗಾಗಿ ಇಷ್ಟೆಲ್ಲ ಯಾಕೆ?

ಇನ್ನು ಅವನ ಕಡೆ ಬನ್ನಿ. ಅವನು ಇವಳಿಗಾಗಿ ಸತ್ತಿದ್ದಾನೆ, ಒಂದಲ್ಲ, ಹಲವು ಸಾರಿ. ಹೊಟ್ಟೆ ಸೀಳಿಸಿಕೊಂಡಿದ್ದಾನೆ. ‘ನೀನು ಮೊದಲು ನನ್ನನ್ನು ಕಾಪಾಡಿದೆ’ ಅನ್ನುತ್ತಾನೆ. ಅದು ಸತ್ಯ. ಆದರೆ ಅದು ನಡೆದದ್ದು ಅಳಿಸಿಹೋದ ಒಂದು ದಿನದಲ್ಲಿ. ಅವಳಿಗೆ ಆ ದಿನವೇ ಇಲ್ಲ. ವಿವರಿಸಲು ಹೋದರೆ ಕಪ್ಪು ಕೈ ಬರುತ್ತದೆ. ಕೊನೆಗೆ ತಡೆಯಲಾರದೆ ಬಾಯಿಗೆ ಬಂದದ್ದು ಅಂದುಬಿಡುತ್ತಾನೆ: ನೀನು ತೀರಿಸಲಾಗದಷ್ಟು ಸಾಲ ನನಗೆ ಕೊಡಬೇಕು, ಗೊತ್ತಾ? ಅವಳು ಕೂಗುವುದಿಲ್ಲ. ಹಾಗಾದರೆ ಎಲ್ಲ ತೀರಿಸಿ ಇಲ್ಲಿಗೆ ಮುಗಿಸೋಣ ಅನ್ನುವ ಅರ್ಥದ ಮಾತು ಹೇಳಿ ಹೊರಡುತ್ತಾಳೆ.

ಇದನ್ನೇ ನಾನು ಲೆಕ್ಕದ ಪುಸ್ತಕ ಅನ್ನುವುದು. ಸುಬಾರು ಪ್ರತಿ ಸಾವನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದಾನೆ. ಅದರಲ್ಲಿ ಖರ್ಚಿನ ಪುಟ ಮಾತ್ರ ತುಂಬಿದೆ. ರಸೀದಿ ತೋರಿಸು ಅಂದರೆ ಅವನ ಹತ್ತಿರ ಒಂದೂ ಇಲ್ಲ. ಅವನು ಮಾಡಿದ ತ್ಯಾಗ ನಿಜ. ಆ ತ್ಯಾಗದ ಬೆಲೆ ವಸೂಲಿ ಮಾಡಲು ಹೊರಟದ್ದೂ ಅಷ್ಟೇ ನಿಜ, ಮತ್ತು ಅಲ್ಲಿ ಅವನು ಪೂರ್ತಿ ತಪ್ಪು. ನಮ್ಮ ಮನೆಗಳಲ್ಲಿ ಈ ಪುಸ್ತಕ ಇಟ್ಟುಕೊಂಡವರು ಕಡಿಮೆಯಾ? ‘ನಿನಗೋಸ್ಕರ ನಾನು ಏನೇನು ಬಿಟ್ಟೆ ಗೊತ್ತಾ’ ಅಂತ ಶುರುವಾಗುವ ಮಾತನ್ನು ಕೇಳದೆ ಬೆಳೆದವರು ಯಾರು? ಅದಕ್ಕೇ ಆ ದೃಶ್ಯ ನೋಡಲು ಅಷ್ಟು ಹಿಂಸೆ. ದನಿ ಕೊಟ್ಟ ಯೂಸುಕೆ ಕೊಬಾಯಾಶಿ ಇಲ್ಲಿ ಚಂದವಾಗಿ ಅಳುವುದಿಲ್ಲ, ಗಂಟಲು ಒಡೆದು ಕೆಟ್ಟದಾಗಿ ಕಿರುಚುತ್ತಾರೆ. ಜಪಾನಿ ದನಿಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಂಡು.

14ರಿಂದ 17ರ ತನಕ ಕತ್ತಲೆ. ನಾಲ್ಕೂ ಕಂತನ್ನು ಒಂದೇ ರಾತ್ರಿ ನೋಡಬೇಡಿ, ನಿದ್ದೆ ಬರುವುದಿಲ್ಲ. 15ನೆಯದು ಇಡೀ ಸರಣಿಯಲ್ಲೇ ಅತಿ ಕಠೋರ. ಮಾಟಗಾತಿಯನ್ನು ಆರಾಧಿಸುವ ಪಂಥದ ಪೆಟೆಲ್ಗ್ಯೂಸ್ ಬರುತ್ತಾನೆ. ಬೆರಳು ಕಚ್ಚಿಕೊಂಡು, ಕತ್ತು ತಿರುಗಿಸಿಕೊಂಡು ಅತಿ ಮಾಡುತ್ತಾನೆ. ಕೆಲವರಿಗೆ ಅವನೆಂದರೆ ಭಯ. ನನಗೆ ಸ್ವಲ್ಪ ಕಂಪನಿ ನಾಟಕದ ಖಳನ ಹಾಗೆ ಕಂಡ, ಇರಲಿ. ನೀವು ಗಮನ ಕೊಡಬೇಕಾದದ್ದು 16ನೇ ಕಂತು. ಅಲ್ಲಿ ಸಾವಿಲ್ಲ. ಎಮಿಲಿಯಾಳನ್ನು ಉಳಿಸಲು ಸೈನ್ಯ ಬೇಕು ಅಂತ ಸುಬಾರು ಅವಳ ಎದುರಾಳಿಗಳ ಮನೆ ಮನೆಗೆ ಹೋಗಿ ಬೇಡುತ್ತಾನೆ. ಕ್ರುಶ್, ಪ್ರಿಸಿಲ್ಲಾ, ಅನಸ್ತೇಸಿಯಾ, ಮೂವರೂ ಇಲ್ಲ ಅನ್ನುತ್ತಾರೆ. ಸಾಮಾನ್ಯ ಇಸೆಕಾಯ್‌ನಲ್ಲಿ ನಾಯಕ ಕೇಳಿದರೆ ಸಾಕು, ಕೊಡುತ್ತಾರೆ. ಇಲ್ಲಿ ಅವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ನೀನು ಏನು ಕೊಡುತ್ತೀಯ? 17ರಲ್ಲಿ, ಎಲ್ಲ ಮುಗಿದ ಮೇಲೆ, ಎಮಿಲಿಯಾಗೆ ಗುಟ್ಟು ಹೇಳಲು ಹೋಗುತ್ತಾನೆ. ಕಪ್ಪು ಕೈ ಈ ಸಲ ಅವನ ಹೃದಯ ಹಿಡಿಯುವುದಿಲ್ಲ. ಅವಳದ್ದನ್ನು ಹಿಡಿಯುತ್ತದೆ.

ಇನ್ನು ನಿಮ್ಮ ಮಗಳ 18ನೇ ಕಂತು, ‘ಸೊನ್ನೆಯಿಂದ’. ಹೆಚ್ಚೂಕಡಿಮೆ ಇಡೀ ಕಂತು ಇಬ್ಬರ ಮಾತು. ಯುದ್ಧವಿಲ್ಲ, ಮಂತ್ರವಿಲ್ಲ. ಸುಬಾರು ರೆಮ್‌ಗೆ ‘ಎಲ್ಲ ಬಿಟ್ಟು ಓಡಿಹೋಗೋಣ ಬಾ’ ಅನ್ನುತ್ತಾನೆ. ಅವಳಿಗೆ ಅವನ ಮೇಲೆ ಪ್ರೀತಿಯಿದೆ. ಆ ಬದುಕನ್ನು ಊರು, ಮನೆ, ಮಕ್ಕಳು ಅಂತ ಪೂರ್ತಿ ಕಲ್ಪಿಸಿಕೊಳ್ಳುತ್ತಾಳೆ. ಆಮೇಲೆ ಬೇಡ ಅನ್ನುತ್ತಾಳೆ. ಅವನು ತನ್ನ ಬಗ್ಗೆ ತಾನೇ ಕೆಟ್ಟದ್ದೆಲ್ಲ ಹೇಳಿಕೊಳ್ಳುತ್ತಾನೆ. ಏನೂ ಕಲಿಯದ, ಏನೂ ಮಾಡದ, ಆದರೂ ದೊಡ್ಡ ಮಾತಾಡುವ ಸೋಮಾರಿ ನಾನು ಅನ್ನುತ್ತಾನೆ. 13ರಲ್ಲಿ ನೀವು ಅವನ ಮೇಲೆ ಹೊರಿಸಿದ ದೂರುಗಳನ್ನೆಲ್ಲ ಇಲ್ಲಿ ಅವನೇ ಓದಿ ಹೇಳುತ್ತಾನೆ ಅನ್ನಿ. ನಿಮ್ಮನ್ನು ತಾಳಿಕೋ ಅಂದದ್ದು ಇದಕ್ಕೇ.

ನನ್ನದೊಂದು ತಕರಾರೂ ಇದೆ. ಅವಳು ಇಷ್ಟೆಲ್ಲ ಮನಸ್ಸು ಬಿಚ್ಚಿದ ಮೇಲೆ ಅವನು ಹೇಳುವುದು ‘ನನಗೆ ಇಷ್ಟ ಎಮಿಲಿಯಾ’ ಅಂತ. ಅವಳು ನಕ್ಕು ಒಪ್ಪುತ್ತಾಳೆ. ಹುಡುಗ ಎದ್ದು ನಿಲ್ಲಲು ಹುಡುಗಿಯ ಹೆಗಲು ಬೇಕು, ಎದ್ದ ಮೇಲೆ ಹೆಗಲಿನ ಪಾಡು ಹೆಗಲಿಗೆ. ಪ್ರಾಮಾಣಿಕತೆ ಅಂತ ಇದನ್ನು ಮೆಚ್ಚುವವರಿದ್ದಾರೆ. ನಾನು ಪೂರ್ತಿ ಒಪ್ಪಿಲ್ಲ. ನಿಮ್ಮ ಮಗಳ ಹತ್ತಿರ ಈ ಬಗ್ಗೆ ಕೇಳಿ ನೋಡಿ, ವಾದ ಮಾಡಲು ಒಳ್ಳೆಯ ವಿಷಯ.

ಲೆಕ್ಕದ ಪುಸ್ತಕ ಏನಾಯಿತು ಅಂತ ತಿಳಿಯುವುದು 19ರಲ್ಲಿ. ಅದೇ ಕ್ರುಶ್‌ಳ ಎದುರು ಮತ್ತೆ ಕೂರುತ್ತಾನೆ. ಈ ಸಲ ಬೇಡುವುದಿಲ್ಲ, ವ್ಯಾಪಾರ ಮಾಡುತ್ತಾನೆ. 400 ವರ್ಷದಿಂದ ಜನರನ್ನು ನುಂಗುತ್ತಿರುವ ಬಿಳಿ ತಿಮಿಂಗಿಲ ಎಲ್ಲಿ, ಯಾವಾಗ ಕಾಣಿಸಿಕೊಳ್ಳುತ್ತದೆ ಅನ್ನುವುದು ಸತ್ತು ಬಂದವನಿಗೆ ಗೊತ್ತು. ಹೇಗೆ ಗೊತ್ತು ಅಂತ ಮಾತ್ರ ಹೇಳುವಂತಿಲ್ಲ. ಕ್ರುಶ್‌ಗೆ ಎದುರಿನವರ ಸುಳ್ಳನ್ನು ಕಂಡುಹಿಡಿಯುವ ಶಕ್ತಿ ಬೇರೆ ಇದೆ. ಆಗ ಅವನು ಜೇಬಿನಿಂದ ತೆಗೆಯುವುದು ಏನು ಗೊತ್ತಾ? ಮೊದಲ ಕಂತಿನ ಆ ಮೊಬೈಲ್! ಆ ಲೋಕದಲ್ಲಿ ಯಾರೂ ಕಾಣದ ಯಂತ್ರ. ಅದನ್ನು ಮುಂದಿಟ್ಟು ಅಳೆದು ತೂಗಿ ಮಾತಾಡುತ್ತಾನೆ. ಸತ್ತು ಸತ್ತು ಕೂಡಿಟ್ಟ ನೆನಪನ್ನು ವಸೂಲಿಗೆ ಬಳಸುತ್ತಿದ್ದವನು ಮೊದಲ ಸಲ ಅದನ್ನು ಇನ್ನೊಬ್ಬರಿಗೆ ಉಪಯೋಗಕ್ಕೆ ಕೊಡುತ್ತಾನೆ. ಆ ತಿಮಿಂಗಿಲ 14 ವರ್ಷದ ಹಿಂದೆ ಹೆಂಡತಿಯನ್ನು ಕೊಂದಿತ್ತು ಅನ್ನುವ ಮುದುಕ ವಿಲ್ಹೆಲ್ಮ್ ಅದೇ ಕೋಣೆಯಲ್ಲಿದ್ದಾನೆ. 20 ಮತ್ತು 21ನೇ ಕಂತು ಅವನವು. ನಾನು ಮತ್ತೆ ಮತ್ತೆ ನೋಡುವುದು ಆ ಎರಡನ್ನೇ.

ಮಗಳ ವಯಸ್ಸಿನ ಬಗ್ಗೆ. ರಕ್ತ ಇದೆ, ಜಾಸ್ತಿಯೇ ಇದೆ. ಹೈಸ್ಕೂಲ್ ಮಕ್ಕಳಿಗೆ ನಾನು ತೋರಿಸುವುದಿಲ್ಲ. ಪಿಯುಸಿ ಹುಡುಗಿಗೆ, ಅದೂ ಅಮ್ಮನನ್ನು ಕೂರಿಸಿಕೊಂಡು ನೋಡುವವಳಿಗೆ, ನನ್ನ ಅಡ್ಡಿಯಿಲ್ಲ. ರಕ್ತಕ್ಕಿಂತ ನೀವು ಗಮನಿಸಬೇಕಾದದ್ದು ಇನ್ನೊಂದು. 7ನೇ ಕಂತಿನ ಕೊನೆಯಲ್ಲಿ ಅವನು ತಾನಾಗಿ ಬಂಡೆಯಿಂದ ಹಾರುತ್ತಾನೆ. ಹಾರಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಕಥೆ ಮನಸ್ಸು ಕುಗ್ಗಿದ ಮಕ್ಕಳಿಗೆ ಒಳ್ಳೆಯದಲ್ಲ. ಅಂಥ ಮಕ್ಕಳ ಜೊತೆ ಈ ಬಗ್ಗೆ ನೇರವಾಗಿ ಮಾತಾಡಿ, ಸದ್ಯಕ್ಕೆ ಸರಣಿ ಬದಿಗಿಡಿ. ಸರಣಿಗೂ ಈ ಅಪಾಯ ಗೊತ್ತಿದೆ. ಎರಡನೇ ಸೀಸನ್‌ನಲ್ಲಿ ಅವನು ತನ್ನ ಜೀವವನ್ನು ಚಿಲ್ಲರೆ ಕಾಸಿನ ಹಾಗೆ ಖರ್ಚು ಮಾಡುವುದನ್ನೇ ಎದುರಿಗಿಟ್ಟು ಪ್ರಶ್ನೆ ಮಾಡುತ್ತದೆ. ಒಬ್ಬ ಗೆಳೆಯ ಮುಖಕ್ಕೆ ಗುದ್ದಿ ಕೇಳುತ್ತಾನೆ, ಎಲ್ಲ ಒಬ್ಬನೇ ಯಾಕೆ ಹೊರುತ್ತೀಯ ಅಂತ.

ನೋಡುವ ಕ್ರಮ ಸುಲಭ. ಮೊದಲ ಸೀಸನ್ ಮುಗಿಸಿ. ಬೇಕಿದ್ದರೆ ಆಮೇಲೆ ಎರಡು ಬಿಡಿ ಚಿತ್ರ, 2018ರ ‘ಮೆಮೊರಿ ಸ್ನೋ’ ಮತ್ತು 2019ರ ‘ಫ್ರೋಜನ್ ಬಾಂಡ್’. ಮೊದಲನೆಯದು ಹಗುರ, ಬಿಟ್ಟರೂ ನಷ್ಟವಿಲ್ಲ. ಎರಡನೆಯದು ಎಮಿಲಿಯಾಳ ಹಿಂದಿನ ಕಥೆ, ಬಿಡಬೇಡಿ. ಆಮೇಲೆ ಎರಡನೇ ಸೀಸನ್, 25 ಕಂತು. ಕೊರೋನಾದಿಂದ ತಡವಾಗಿ 2020ರ ಜುಲೈನಲ್ಲಿ ಶುರುವಾಗಿ 2021ರ ಮಾರ್ಚ್‌ಗೆ ಮುಗಿಯಿತು. ಮಾತು ಜಾಸ್ತಿ, ನಡುವೆ ಎಳೆಯುತ್ತದೆ. ಮೂರನೆಯದು 2024ರ ಅಕ್ಟೋಬರ್‌ನಿಂದ, 16 ಕಂತು.

ಮೂರನೇ ಸೀಸನ್‌ಗೆ ಬಂದಾಗ ಒಂದು ಮಜಾ ಗಮನಿಸಿ. ‘ಸುಬಾರು’ ಅಂದರೆ ಜಪಾನಿನಲ್ಲಿ ನಮ್ಮ ಕೃತ್ತಿಕಾ ನಕ್ಷತ್ರ. ಅದೇ ಹೆಸರಿನ ಕಾರಿನ ಲಾಂಛನದಲ್ಲೂ ಆರು ನಕ್ಷತ್ರ, ಷಣ್ಮುಖನನ್ನು ಸಾಕಿದ ಕೃತ್ತಿಕೆಯರೂ ಆರೇ. ಮಾಟಗಾತಿ ಪಂಥದವರಿಗೂ ನಕ್ಷತ್ರದ ಹೆಸರೇ. ಪೆಟೆಲ್ಗ್ಯೂಸ್ ನಮ್ಮ ಆರಿದ್ರಾ, ರೆಗ್ಯುಲಸ್ ಮಖಾ, ಸಿರಿಯಸ್ ಲುಬ್ಧಕ. ನಕ್ಷತ್ರಗಳ ಬಗ್ಗೆ ಸುಬಾರುವಿಗೆ ಇರುವ ಈ ತಿಳಿವಳಿಕೆ ಅಲ್ಲಿ ಒಬ್ಬ ಶತ್ರುವಿನ ಗುಟ್ಟು ಬಿಡಿಸಲು ಕೆಲಸಕ್ಕೆ ಬರುತ್ತದೆ.

ಆದರೆ ನೀವು ಅಮ್ಮ ಆಗಿರುವುದರಿಂದ, ಎರಡನೇ ಸೀಸನ್‌ನ 4ನೇ ಕಂತಿನ ತನಕವಾದರೂ ಬನ್ನಿ. ಒಂದು ಪರೀಕ್ಷೆಯ ಒಳಗೆ ಸುಬಾರು ತನ್ನ ಹಳೆಯ ಮನೆಯಲ್ಲಿ ಏಳುತ್ತಾನೆ. ಅಪ್ಪ ಇದ್ದಾರೆ, ಅಮ್ಮ ಇದ್ದಾರೆ. ನೆನಪಿನಿಂದ ಕಟ್ಟಿದ ಮನೆ ಅದು, ನಿಜವಾದದ್ದಲ್ಲ. ಅವನು ಶಾಲೆಯ ಸಮವಸ್ತ್ರ ಹಾಕಿಕೊಂಡು ಹೊರಡುತ್ತಾನೆ. ಅಮ್ಮ ಸ್ವಲ್ಪ ದೂರ ಜೊತೆಗೆ ಬರುತ್ತಾಳೆ. ಬೀಳ್ಕೊಡುವಾಗ ಅವನು ಜಪಾನಿನ ಮನೆಗಳಲ್ಲಿ ದಿನವೂ ಹೇಳುವ ‘ಇತ್ತೆಕಿಮಾಸು’ ಎಂಬ ಮಾತು ಹೇಳುತ್ತಾನೆ. ಇಂಗ್ಲಿಷ್ ಸಬ್‌ಟೈಟಲ್‌ಗೆ ಆ ಮಾತು ಸರಿಯಾಗಿ ಸಿಗುವುದೇ ಇಲ್ಲ. ನಿಮಗೆ ಸಬ್‌ಟೈಟಲ್ ಬೇಕಾಗಿಲ್ಲ. ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಅಂದ ಮಗಳನ್ನು ತಡೆದು ನೀವು ಎಷ್ಟು ಸಾರಿ ತಿದ್ದಿರಬಹುದು, ಅದೇ ಮಾತು ಅದು: ‘ಹೋಗಿ ಬರ್ತೀನಿ.’